ಕತ್ರಿಗುಪ್ಪೆಯ ಕೆಂಪು ಗುಪ್ಪೆ

ನಾನು ಡಾಕ್ಟರಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು. ನಮ್ಮ ರಸ್ತೆಯ ಅರ್ಧ ಜನ ನನ್ನನ್ನು ಡಾಕ್ಟರು ಅಂದುಕೊಂಡು ಲ್ಯಾಬ್ ರಿಪೋರ್ಟ್ ಹಿಡಿದು ಬರುತ್ತಾರೆ, ಇನ್ನರ್ಧ ಜನ ಕಂಪ್ಯೂಟರ್ ರಿಪೇರಿಯವನು ಅಂದುಕೊಂಡು ಕೀಬೋರ್ಡ್ ಹಿಡಿದು ಬರುತ್ತಾರೆ. ನನ್ನದು ಇವೆರಡರ ನಡುವೆ ಎಲ್ಲೋ ಬರುವ ಕೆಲಸ. ಆಸ್ಪತ್ರೆಗಳು ಸಂಶೋಧನೆಗೆಂದು ಕೂಡಿಟ್ಟ ರೋಗಿಗಳ ಮಾಹಿತಿಯನ್ನು ಲೆಕ್ಕಕ್ಕೆ ಸಿಗುವ ಹಾಗೆ ಹಸನು ಮಾಡಿಕೊಡುತ್ತೇನೆ. ನಮ್ಮಮ್ಮ ಇದನ್ನು ಅಕ್ಕಿ ಆರಿಸುವ ಕೆಲಸ ಅನ್ನುತ್ತಿದ್ದಳು. 'ಮನೇಲಿ ಒಂದು ದಿನ ಮೊರ ಮುಟ್ಟಿದವನಲ್ಲ, ನಿನಗೆ ಯಾರಪ್ಪ ಸಂಬಳ ಕೊಡ್ತಾರೆ' ಅಂತ ಕೇಳುತ್ತಲೂ ಇದ್ದಳು.

ಇಪ್ಪತ್ತು ವರ್ಷದ ಹಿಂದೆ ಬ್ಯಾಂಕಿನ ಸಾಫ್ಟ್‌ವೇರ್ ಬರೆಯುವುದನ್ನು ಬಿಟ್ಟು ಇತ್ತ ಬಂದೆ. ಬ್ಯಾಂಕಿನಲ್ಲಿ ಒಂದು ರೂಪಾಯಿ ಹೆಚ್ಚುಕಮ್ಮಿಯಾದರೆ ಸಂಜೆಯೊಳಗೆ ಸಿಕ್ಕಿಬೀಳುತ್ತೀರಿ. ಇಲ್ಲಿ ತಪ್ಪು ಮಾಡಿದರೆ ಅದು ಬಣ್ಣದ ಗ್ರಾಫಾಗಿ ಹೊರಬಂದು ಚಪ್ಪಾಳೆ ಗಿಟ್ಟಿಸುತ್ತದೆ. ನಾನು ಗಿಟ್ಟಿಸಿದ ಅಂಥ ಚಪ್ಪಾಳೆಗಳ ಕಥೆಗಳಿವು.

1. ನೀರನ್ನು ಅನುಮಾನಿಸುವ ಮೊದಲು ವಿಳಾಸವನ್ನು ಅನುಮಾನಿಸಿ

ಶುರುವಿನ ದಿನಗಳು. ವೈದ್ಯರೊಬ್ಬರ ಅಧ್ಯಯನಕ್ಕೆ ದಕ್ಷಿಣ ಬೆಂಗಳೂರಿನ ಕ್ಯಾನ್ಸರ್ ರೋಗಿಗಳ ವಿಳಾಸಗಳನ್ನು ನಕ್ಷೆಯ ಮೇಲೆ ಚುಕ್ಕೆಗಳಾಗಿ ಕೂರಿಸಬೇಕಿತ್ತು. ರಾತ್ರಿ ಹನ್ನೊಂದಕ್ಕೆ ನಕ್ಷೆ ತೆರೆದುಕೊಂಡಿತು. ಜಯನಗರದ ಬ್ಲಾಕುಗಳಲ್ಲಿ ಚುಕ್ಕೆಗಳು ರಂಗೋಲಿಯ ಹಾಗೆ ಹರಡಿದ್ದವು. ಜೆ.ಪಿ. ನಗರದಲ್ಲೂ ಹಾಗೆಯೇ. ಬನಶಂಕರಿ ಮೂರನೇ ಹಂತಕ್ಕೆ ಬಂದರೆ ಎದೆ ಧಸಕ್ಕೆಂದಿತು. ನಮ್ಮ ಕತ್ರಿಗುಪ್ಪೆ ವಾಟರ್ ಟ್ಯಾಂಕಿನ ಹತ್ತಿರ ಚುಕ್ಕೆಯ ಮೇಲೆ ಚುಕ್ಕೆ ಬಿದ್ದು ಒಂದು ಕೆಂಪು ಗುಪ್ಪೆಯೇ ಆಗಿಬಿಟ್ಟಿತ್ತು.

ಆಗತಾನೆ ಜಾನ್ ಸ್ನೋ ಕಥೆ ಓದಿದ್ದೆ. 1854ರಲ್ಲಿ ಲಂಡನ್ನಿನ ಬ್ರಾಡ್ ಸ್ಟ್ರೀಟಿನಲ್ಲಿ ಕಾಲರಾದಿಂದ ಸತ್ತವರ ಮನೆಗಳನ್ನು ಗುರುತಿಸಿ, ಅವು ಒಂದು ನೀರಿನ ಪಂಪಿನ ಸುತ್ತ ಗುಂಪುಗೂಡಿದ್ದನ್ನು ಕಂಡುಹಿಡಿದು, ಪಂಪಿನ ಹಿಡಿಯನ್ನೇ ತೆಗೆಸಿದ ವೈದ್ಯ. ಅವನಿಗೆ ಪಂಪು ಸಿಕ್ಕ ಹಾಗೆ ನನಗೆ ಟ್ಯಾಂಕು ಸಿಕ್ಕಿತು ಅಂದುಕೊಂಡೆ. ರಾತ್ರಿ ಒಂದು ಗಂಟೆಗೆ ವೈದ್ಯರಿಗೆ ಉದ್ದದ ಇ-ಮೇಲ್ ಬರೆದೆ. ಬೆಳಿಗ್ಗೆ ಎದ್ದು ಮನೆಗೆ ಇಪ್ಪತ್ತು ಲೀಟರಿನ ನೀರಿನ ಕ್ಯಾನ್ ತರಿಸಿದೆ. ಯಾಕೆ ಅಂತ ಹೆಂಡತಿ ಕೇಳಿದಾಗ 'ಸದ್ಯಕ್ಕೆ ಹೇಳುವ ಹಾಗಿಲ್ಲ' ಅಂದೆ.

ನಿಜ ಗೊತ್ತಾಗಲು ನಾಲ್ಕು ದಿನ ಬೇಕಾಯಿತು. ನಮ್ಮವರ ವಿಳಾಸಗಳು ನಿಮಗೆ ಗೊತ್ತೇ ಇವೆ: ಹೊಸ ನಂಬರ್ ಇಂತಿಷ್ಟು, ಹಳೇ ನಂಬರ್ ಇಂತಿಷ್ಟು, ಗಣೇಶನ ಗುಡಿ ಹಿಂದಿನ ರಸ್ತೆ, ಹಿಟ್ಟಿನ ಗಿರಣಿ ಎದುರು, ಕತ್ರಿಗುಪ್ಪೆ. ನಕ್ಷೆಯ ಸಾಫ್ಟ್‌ವೇರಿಗೆ ಹಿಟ್ಟಿನ ಗಿರಣಿ ತಿಳಿಯದು. ಅದಕ್ಕೆ ಅರ್ಥವಾಗಿದ್ದು ಕಡೆಯ ಪದ ಒಂದೇ. ಅರ್ಥವಾಗದ ವಿಳಾಸಗಳನ್ನೆಲ್ಲ ಅದು ಬಡಾವಣೆಯ ನಟ್ಟನಡುವೆ ಒಂದೇ ಬಿಂದುವಿನಲ್ಲಿ ಸುರಿದಿತ್ತು. ಆ ಬಿಂದು ವಾಟರ್ ಟ್ಯಾಂಕಿನ ಪಕ್ಕಕ್ಕೆ ಬಿದ್ದಿತ್ತು, ಅಷ್ಟೇ.

ಗುಪ್ಪೆ ಕರಗಿದ ಮೇಲೂ ಕೆಲವು ಚುಕ್ಕೆ ಹೆಚ್ಚೇ ಉಳಿದವು. ಅದನ್ನು ಬಿಡಿಸಿದವರು ಕ್ಯಾನ್ಸರ್ ನೋಂದಣಿಯ ಕೆಲಸದಲ್ಲಿ ಪಳಗಿದ್ದ ಹಿರಿಯರೊಬ್ಬರು. 'ಇವರು ಇಲ್ಲಿ ಎಷ್ಟು ದಿನದಿಂದ ಇದ್ದಾರೆ?' ಅಂತ ಕೇಳಿದರು. ರಾಯಚೂರಿನಿಂದಲೋ ಅನಂತಪುರದಿಂದಲೋ ಚಿಕಿತ್ಸೆಗೆ ಬಂದವರು ಇಲ್ಲಿರುವ ಅಣ್ಣನ ಮನೆಯಲ್ಲಿ, ಮಗಳ ಮನೆಯಲ್ಲಿ ಉಳಿದು ಅದೇ ವಿಳಾಸ ಬರೆಸಿರುತ್ತಾರೆ. ಕಿದ್ವಾಯಿ ಆಸ್ಪತ್ರೆಯಲ್ಲಿ 1982ರಿಂದ ಬೆಂಗಳೂರಿನ ಕ್ಯಾನ್ಸರ್ ನೋಂದಣಿ ನಡೆಯುತ್ತಿದೆ. ಐಸಿಎಂಆರ್‌ನ ರಾಷ್ಟ್ರೀಯ ಕ್ಯಾನ್ಸರ್ ನೋಂದಣಿ ಕಾರ್ಯಕ್ರಮದ ಮೊಟ್ಟಮೊದಲ ಕೇಂದ್ರಗಳಲ್ಲಿ ಅದೂ ಒಂದು. ಆ ವ್ಯವಸ್ಥೆಯಲ್ಲಿ, ಕನಿಷ್ಠ ಒಂದು ವರ್ಷದಿಂದ ಇಲ್ಲೇ ನೆಲೆಸಿದ್ದರೆ ಮಾತ್ರ ರೋಗಿಯನ್ನು ಬೆಂಗಳೂರಿನ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಅದಕ್ಕೆಂದು ನೋಂದಣಿಯ ಸಿಬ್ಬಂದಿ ಆಸ್ಪತ್ರೆಯಿಂದ ಆಸ್ಪತ್ರೆಗೆ ತಾವೇ ಹೋಗಿ, ಕಡತ ತೆಗೆಸಿ, ರೋಗಿಯನ್ನೇ ಕೇಳಿ ಬರೆದುಕೊಂಡು ಬರುವ ಪದ್ಧತಿ ಬೆಳೆಯಿತು. ನಾನು ಕೂತಲ್ಲೇ ಕೂತು ಮೌಸ್ ಒತ್ತಿದ್ದೆ.

ನನ್ನ ಎರಡನೇ ಇ-ಮೇಲಿಗೆ ವೈದ್ಯರ ಉತ್ತರ ಒಂದೇ ಸಾಲು: 'ಹಾಗಾದರೆ ನೀರು ಕುಡಿಯಬಹುದಾ?'

2. ರಮೇಶ ಬೇರೆ, ರಾಮಕ್ಕ ಬೇರೆ

ಒಬ್ಬರೇ ರೋಗಿ ಮೂರು ಆಸ್ಪತ್ರೆಗೆ ಹೋದರೆ ಮೂರು ಹೆಸರಾಗುತ್ತಾರೆ. ಮೂವರನ್ನು ಒಬ್ಬರನ್ನಾಗಿ ಮಾಡದಿದ್ದರೆ ಊರಿನಲ್ಲಿ ಕಾಯಿಲೆ ಮೂರು ಪಟ್ಟು ಕಾಣುತ್ತದೆ. ಇಂಗ್ಲಿಷಿನಲ್ಲಿ ಕೆ-ಎಸ್-ಎಚ್ ಹಾಕಿ ಬರೆದ ಲಕ್ಷ್ಮಿಯೂ ಎಕ್ಸ್ ಹಾಕಿ ಬರೆದ ಲಕ್ಷ್ಮಿಯೂ ಒಬ್ಬಳೇ ಅಂತ ಯಂತ್ರಕ್ಕೆ ಹೇಳಿಕೊಡಲು ಸೌಂಡೆಕ್ಸ್ ಅನ್ನುವ ಹಳೇ ಸೂತ್ರ ಹಿಡಿದೆ. 1918ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಆದದ್ದು. ಹೆಸರಿನ ಮೊದಲ ಅಕ್ಷರ ಇಟ್ಟುಕೊಂಡು, ಸ್ವರ ಬಿಟ್ಟು, ಉಳಿದ ವ್ಯಂಜನಗಳಿಗೆ ಅಂಕಿ ಕೊಡುತ್ತದೆ. ಇಬ್ಬರು ಲಕ್ಷ್ಮಿಯರಿಗೂ ಎಲ್-250 ಬಂತು. ಕುಣಿದಾಡಿದೆ.

ಕುಣಿತ ಒಂದು ವಾರ ನಡೆಯಿತು. ಆಮೇಲೆ ಪ್ರಾಸ್ಟೇಟ್ ಕ್ಯಾನ್ಸರಿನ ಪಟ್ಟಿಯಲ್ಲಿ ಒಬ್ಬ ರಾಮಕ್ಕ ಕಾಣಿಸಿಕೊಂಡರು. ಪ್ರಾಸ್ಟೇಟ್ ಗ್ರಂಥಿ ಇರುವುದು ಗಂಡಸರಿಗೆ ಮಾತ್ರ. ಬೆರಳು ಮಡಚಿ ಲೆಕ್ಕ ಹಾಕಿದೆ. ರಮೇಶನಿಗೆ ಆರ್-520. ರಾಮಕ್ಕನಿಗೂ ಆರ್-520. ರಂಗನಿಗೂ ಅದೇ. ಹುಟ್ಟಿದ ವರ್ಷವೂ ಹೊಂದಿದ್ದರಿಂದ ನನ್ನ ಪ್ರೋಗ್ರಾಂ ಮೂವರಿಗೂ ಒಂದೇ ದೇಹ ಕೊಟ್ಟು ಕೂರಿಸಿತ್ತು. ಇತ್ತ ಒಬ್ಬರೇ ಆಗಿದ್ದ ಎಲ್ಲಮ್ಮ, ಯಲ್ಲಮ್ಮ ಆಗಿ ಎರಡು ಹೋಳಾಗಿದ್ದರು, ಮೊದಲ ಅಕ್ಷರ ಬೇರೆ ಅನ್ನುವ ಒಂದೇ ಕಾರಣಕ್ಕೆ. ಅಮೆರಿಕದ ಮನೆತನಗಳ ಹೆಸರಿಗೆ ಹೊಲಿದ ಅಂಗಿಯನ್ನು ನಮ್ಮ ಅಮ್ಮ-ಅಕ್ಕ-ಅಪ್ಪಂದಿರಿಗೆ ತೊಡಿಸಲು ಹೋಗಿದ್ದೆ. ಇನಿಷಿಯಲ್ಲಿನ ಕಥೆ ಬೇರೆಯೇ ಇದೆ. ಒಂದು ಕಡೆ ಊರಿನ ಹೆಸರು, ಒಂದು ಕಡೆ ಅಪ್ಪನ ಹೆಸರು, ಮದುವೆಯಾದ ಮೇಲೆ ಗಂಡನ ಹೆಸರು.

ಈಗ ಯಂತ್ರ 'ಇವರಿಬ್ಬರು ಒಬ್ಬರೇ ಇರಬಹುದು' ಅಂತ ಪಟ್ಟಿ ಕೊಡುತ್ತದೆ. ಹೌದೋ ಅಲ್ಲವೋ ಅಂತ ಹೇಳಲು ಒಬ್ಬಾಕೆ ಕೂತು ತಾಯಿಯ ಹೆಸರು, ಊರು, ಜೊತೆಗೆ ಬಂದವರ ಹೆಸರು ಎಲ್ಲ ನೋಡುತ್ತಾರೆ. ದಿನಕ್ಕೆ ಎಷ್ಟಾಗುತ್ತದೋ ಅಷ್ಟು.

3. 'ಇಲ್ಲ' ಅಂದರು ಅಂತ ಬರೆಯುವ ಮೊದಲು ಏನು ಕೇಳಿದೆವು ಅಂತ ನೋಡಿ

ಬಾಯಿಯ ಕ್ಯಾನ್ಸರ್ ಆದ ಹೆಂಗಸರ ಒಂದು ಅಧ್ಯಯನ. ಟ್ಯಾಬ್ಲೆಟ್ಟಿನಲ್ಲಿ ತುಂಬುವ ಫಾರಂ ಮಾಡಿಕೊಟ್ಟವನು ನಾನೇ. ಪ್ರಶ್ನೆಗಳ ಕನ್ನಡವೂ ನನ್ನದೇ: 'ತಾವು ತಂಬಾಕು ಉತ್ಪನ್ನಗಳನ್ನು ಬಳಸುತ್ತೀರಾ?' ವಿಧಾನಸೌಧಕ್ಕೆ ಕಳಿಸಬಹುದಾದಂಥ ವಾಕ್ಯ. ಸಾಲಾಗಿ ಎಲ್ಲರೂ 'ಇಲ್ಲ' ಅಂದರು. ತಂಬಾಕಿಲ್ಲದೆ ಇಷ್ಟೊಂದು ಜನರಿಗೆ ಬಾಯಿಯ ಕ್ಯಾನ್ಸರ್! ಹೊಸ ಕಾರಣ ಹುಡುಕುವ ಉತ್ಸಾಹದಲ್ಲಿ ನಾನು ಮತ್ತೆ ಜಾನ್ ಸ್ನೋ ಆಗುವುದರಲ್ಲಿದ್ದೆ.

ಹೊರರೋಗಿ ವಿಭಾಗದಲ್ಲಿ ನೆಲ ಒರೆಸುತ್ತಿದ್ದ ಆಯಾ, ಫಾರಂ ತುಂಬುವ ನಮ್ಮ ಹುಡುಗಿ ಪ್ರಶ್ನೆ ಓದುವುದನ್ನು ಕೇಳಿಸಿಕೊಂಡು, ಕೋಲನ್ನು ಗೋಡೆಗೆ ಒರಗಿಸಿ ಬಂದರು.

'ಅಜ್ಜಿ, ಹೊಗೆಸೊಪ್ಪು ಹಾಕ್ತೀಯಾ?'

'ಹೂಂ ಕಣವ್ವ, ಉಂಡ ಮೇಲೆ ಎಲೆಅಡಿಕೆ ಜೊತೆ ಒಂಚೂರು.'

'ಕಡ್ಡಿಪುಡಿ?'

ಅಜ್ಜಿ ಉತ್ತರ ಕೊಡಲಿಲ್ಲ. ಸೊಂಟದಿಂದ ಸಂಚಿ ತೆಗೆದು ಬಿಚ್ಚಿ ತೋರಿಸಿದರು. ಒಂದು ಮನೆಯಲ್ಲಿ ಅಡಿಕೆ ಹೋಳು, ಒಂದರಲ್ಲಿ ಸುಣ್ಣದ ಡಬ್ಬಿ, ಇನ್ನೊಂದರಲ್ಲಿ ಪೇಪರಿನಲ್ಲಿ ಮಡಚಿದ ಕಡ್ಡಿಪುಡಿ. ನನ್ನ ಫಾರಮ್ಮಿನಲ್ಲಿ ಆ ಯಾವುದಕ್ಕೂ ಖಾನೆ ಇರಲಿಲ್ಲ. ಹೊಗೆಸೊಪ್ಪು ಇರಲಿ, ಬರೀ ಅಡಿಕೆಯನ್ನೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ಅಡಿಕೆಯ ನಾಡಿನಲ್ಲಿ ಕೂತು ಅಡಿಕೆಯ ಬಗ್ಗೆ ಕೇಳದ ಫಾರಂ ಬರೆದಿದ್ದೆ.

ಇಷ್ಟಕ್ಕೇ ನಿಲ್ಲಲಿಲ್ಲ. ಉತ್ತರ ಕೊಡದೆ ಬಿಟ್ಟ ಪ್ರಶ್ನೆಗೆ ನನ್ನ ಪ್ರೋಗ್ರಾಂ ತಾನೇ ಸೊನ್ನೆ ತುಂಬುತ್ತಿತ್ತು. ಸೊನ್ನೆ ಅಂದರೆ 'ಇಲ್ಲ'. ಕೇಳಿದ್ದಕ್ಕೆ ಇಲ್ಲ ಅಂದವರು, ಕೇಳಿದ್ದು ಅರ್ಥವಾಗದೆ ಇಲ್ಲ ಅಂದವರು, ಯಾರೂ ಕೇಳದೇ ಹೋದವರು, ಎಲ್ಲರೂ ಒಂದೇ ಸೊನ್ನೆಯೊಳಗೆ. ಬೇರ್ಪಡಿಸಲು ದಾರಿಯೇ ಇರಲಿಲ್ಲ. ಆರು ತಿಂಗಳ ಕೆಲಸವನ್ನು ಬದಿಗಿಟ್ಟು ಮತ್ತೆ ಶುರು ಮಾಡಿದೆವು. ಹೊಸ ಫಾರಮ್ಮಿನ ಪ್ರಶ್ನೆಗಳನ್ನು ಆಯಾ ಕೇಳಿ ತಲೆಯಾಡಿಸಿದ ಮೇಲೆಯೇ ಅವು ಟ್ಯಾಬ್ಲೆಟ್ಟಿಗೆ ಹೋದವು. ಪ್ರಬಂಧದ ಲೇಖಕರ ಪಟ್ಟಿಯಲ್ಲಿ ಅವರ ಹೆಸರಿಲ್ಲ; ನನ್ನದಿದೆ.

4. ಎಕ್ಸೆಲ್ ತಾನಾಗಿ ಏನನ್ನಾದರೂ ಸರಿಮಾಡಿದರೆ ಹೆದರಿ

ನಮ್ಮ ಪಟ್ಟಿಯಲ್ಲಿ ಒಬ್ಬರು ಕಾಯಿಲೆ ಪತ್ತೆಯಾಗುವ 14 ದಿನ ಮೊದಲೇ ತೀರಿಕೊಂಡಿದ್ದರು. ಪತ್ತೆಯಾದದ್ದು ಮಾರ್ಚ್ 4, ತೀರಿಕೊಂಡದ್ದು ಮಾರ್ಚ್ 20. ಕಂಪ್ಯೂಟರ್ ಅಮೆರಿಕದ ಕ್ರಮದಲ್ಲಿ 04/03 ಅನ್ನು ಏಪ್ರಿಲ್ 3 ಅಂತ ಓದಿಕೊಂಡಿತು. 20/03ಕ್ಕೆ ಇಪ್ಪತ್ತನೇ ತಿಂಗಳು ಇಲ್ಲವಲ್ಲ, ಅದು ಮಾತ್ರ ಸರಿ ಉಳಿಯಿತು. ಸತ್ತು ಆಮೇಲೆ ಕಾಯಿಲೆ ಬಂದವರು ಕಣ್ಣಿಗೆ ಹೊಡೆಯುತ್ತಾರೆ, ತಿದ್ದಬಹುದು. ಎರಡೂ ತಾರೀಕು 12ರೊಳಗಿದ್ದು, ಸದ್ದಿಲ್ಲದೆ ತಿಂಗಳುಗಟ್ಟಲೆ ಹೆಚ್ಚೋ ಕಮ್ಮಿಯೋ ಬದುಕಿದವರನ್ನು ಹುಡುಕಲು ಮೂಲ ಕಡತಗಳನ್ನೇ ತೆರೆಯಬೇಕಾಯಿತು.

ಈ ವಿಷಯದಲ್ಲಿ ನಾನು ಒಂಟಿಯಲ್ಲ ಅನ್ನೋದು ಸಮಾಧಾನ. ಮಾರ್ಚ್-1, ಸೆಪ್ಟ್-2 ಅನ್ನುವ ಹೆಸರಿನ ಜೀನುಗಳಿದ್ದವು. ಎಕ್ಸೆಲ್ ಅವನ್ನು ಮಾರ್ಚ್ ಒಂದು, ಸೆಪ್ಟೆಂಬರ್ ಎರಡು ಅಂತ ತಾರೀಕು ಮಾಡಿಬಿಡುತ್ತಿತ್ತು. ಜೀನುಗಳ ಪಟ್ಟಿಯನ್ನು ಎಕ್ಸೆಲ್ಲಿನಲ್ಲಿ ಜೊತೆಗಿಟ್ಟ ಸಂಶೋಧನಾ ಪ್ರಬಂಧಗಳಲ್ಲಿ ಸುಮಾರು ಐದರಲ್ಲಿ ಒಂದರಲ್ಲಿ ಈ ತಪ್ಪಿದೆ ಅಂತ 2016ರಲ್ಲಿ ಲೆಕ್ಕ ಹಾಕಿದರು. 2020ರ ಹೊತ್ತಿಗೆ ವಿಜ್ಞಾನಿಗಳೇ ಸೋತು ಜೀನುಗಳ ಹೆಸರು ಬದಲಾಯಿಸಿದರು.

5. ಅರವತ್ತು ವರ್ಷದವರು ಇಷ್ಟೊಂದು ಇರಲಾರರು

'ವಯಸ್ಸೆಷ್ಟಮ್ಮಾ?' 'ಬರ್ಕೊಳ್ಳಿ ಸಾರ್, ಅರವತ್ತು.' ಗ್ರಾಫಿನಲ್ಲಿ 50, 55, 60, 65ರ ಮೇಲೆ ಗೋಪುರ, ನಡುವೆ ಬಯಲು. ಈಗ ಬೇರೆ ಥರ ಕೇಳುತ್ತೇವೆ: 1978ರಲ್ಲಿ ಇಂದಿರಾ ಗಾಂಧಿ ಚಿಕ್ಕಮಗಳೂರಿಗೆ ನಿಂತಾಗ ನಿಮಗೆ ಮದುವೆ ಆಗಿತ್ತಾ? 1981ರ ವೀನಸ್ ಸರ್ಕಸ್ ಬೆಂಕಿ ನೆನಪಿದೆಯಾ, ಆಗ ಮಗ ಎಷ್ಟು ದೊಡ್ಡವನಿದ್ದ? ಹೊತ್ತು ಹಿಡಿಯುತ್ತದೆ. ಆದರೆ ಕಥೆಗಳು ಸಿಗುತ್ತವೆ.

6. ಡಾಕ್ಟರು ಜಾತಿ ಕೇಳಿದಾಗ ನಾನು ರೇಗಿದ್ದು

ಗೆಳೆಯನ ತಂದೆಗೆ ಒಂದು ನರ್ಸಿಂಗ್ ಹೋಮಿನಲ್ಲಿ ಹರ್ನಿಯಾ ಆಪರೇಷನ್. ಹಿಂದಿನ ಸಂಜೆ ಅರಿವಳಿಕೆ ಕೊಡುವ ವಯಸ್ಸಾದ ಡಾಕ್ಟರು ಬಂದು ನಾಡಿ ಹಿಡಿದು 'ನೀವು ಶೆಟ್ರಾ?' ಅಂತ ಕೇಳಿದರು. ನನಗೆ ಸಿಟ್ಟು ನೆತ್ತಿಗೇರಿತು. 'ಆಪರೇಷನ್ನಿಗೂ ಜಾತಿಗೂ ಏನು ಸಂಬಂಧ ಡಾಕ್ಟ್ರೇ?' ಅಂದೆ, ವಾರ್ಡಿಗೆಲ್ಲ ಕೇಳುವ ಹಾಗೆ. ಅವರು ಕನ್ನಡಕ ಒರೆಸಿಕೊಳ್ಳುತ್ತಾ 'ಸಂಬಂಧ ಇದೆ ಕಣಪ್ಪ. ಒಂದು ಔಷಧಿ ಕೊಟ್ಟರೆ ಇವರಲ್ಲಿ ಕೆಲವರಿಗೆ ಉಸಿರು ವಾಪಸ್ ಬರೋದು ತಡ' ಅಂದರು. ನಂಬಲಿಲ್ಲ.

ವರ್ಷಗಳಾದ ಮೇಲೆ ಓದುತ್ತಾ ಹೋದರೆ ಅವರ ಮಾತು ಅಕ್ಷರಶಃ ನಿಜ. ಸಕ್ಸಿನೈಲ್‌ಕೋಲಿನ್ ಅನ್ನುವ ಸ್ನಾಯು ಸಡಿಲಿಸುವ ಔಷಧಿಯನ್ನು ರಕ್ತದಲ್ಲಿರುವ ಒಂದು ಕಿಣ್ವ ಕೆಲವೇ ನಿಮಿಷಗಳಲ್ಲಿ ಒಡೆದುಹಾಕುತ್ತದೆ. ಆ ಕಿಣ್ವದ ಕೊರತೆ ಶೆಟ್ಟರ, ಅಂದರೆ ವೈಶ್ಯ ಸಮುದಾಯದಲ್ಲಿ ಬೇರೆಯವರಿಗಿಂತ ಬಹಳ ಹೆಚ್ಚು. ಅಂಥವರಿಗೆ ಈ ಔಷಧಿ ಕೊಟ್ಟರೆ ಗಂಟೆಗಟ್ಟಲೆ ವೆಂಟಿಲೇಟರ್ ಬೇಕಾದೀತು. ತಲೆಮಾರುಗಳಿಂದ ಒಳಗೊಳಗೇ ಮದುವೆಯಾಗುತ್ತ ಬಂದ ಸಮುದಾಯಗಳಲ್ಲಿ ಹೀಗೆ ಒಂದೊಂದು ಜೀನಿನ ಬದಲಾವಣೆ ದಟ್ಟವಾಗುತ್ತದೆ. ಹೈದರಾಬಾದಿನ ಸಿಸಿಎಂಬಿಯವರೂ ಸೇರಿ 2017ರಲ್ಲಿ ಬರೆದ ಪ್ರಬಂಧವೊಂದು ಇದನ್ನೇ ಉದಾಹರಣೆಯಾಗಿ ಎತ್ತಿಕೊಂಡಿತು. ಶೆಟ್ಟರು ತುಂಬಿರುವ ವಿ.ವಿ. ಪುರಂ ಪಕ್ಕದಲ್ಲೇ ಬೆಳೆದ ನನಗೆ ಇದು ಗೊತ್ತಿರಲಿಲ್ಲ. ಹೆಚ್ಚು ನಾಚಿಕೆಯ ಸಂಗತಿ ಎಂದರೆ, ಆ ಡಾಕ್ಟರ ಮೇಲೆ ರೇಗಿದ ವರ್ಷವೇ ಒಂದು ಅಧ್ಯಯನದ ಪಟ್ಟಿಯಿಂದ ಸಮುದಾಯದ ಕಾಲಂ ಅನ್ನು 'ಇದೆಲ್ಲ ಯಾಕೆ' ಅಂತ ನಾನೇ ಅಳಿಸಿಹಾಕಿದ್ದೆ.

ಐಐಎಸ್‌ಸಿಯ ಮಿದುಳು ಸಂಶೋಧನಾ ಕೇಂದ್ರದ ನೇತೃತ್ವದಲ್ಲಿ 20 ಸಂಸ್ಥೆಗಳು ಸೇರಿ ದೇಶದ ಬೇರೆ ಬೇರೆ ಸಮುದಾಯಗಳ 10,000 ಜನರ ಜೀನೋಮ್ ಓದಿ ಮುಗಿಸಿವೆ. 2025ರ ಜನವರಿಯಲ್ಲಿ ಆ ದತ್ತಾಂಶ ಸಂಶೋಧಕರಿಗೆ ತೆರೆದುಕೊಂಡಿತು. ನಾಳೆ ಜಾತಿ ಕೇಳುವ ಬದಲು ಒಂದು ತೊಟ್ಟು ರಕ್ತವನ್ನೇ ಕೇಳುವ ಕಾಲ ಬಂದರೆ ಒಳ್ಳೆಯದು; ಅಂತರ್ಜಾತಿ ಮದುವೆಯ ಮಕ್ಕಳು 'ಶೆಟ್ರಾ?' ಅನ್ನುವ ಪ್ರಶ್ನೆಗೆ ಏನಂತಾರೆ? ಅಲ್ಲಿಯವರೆಗೆ ಆ ಕಾಲಂ ಕಂಡಾಗಲೆಲ್ಲ ನನಗೆ ಮುಜುಗರವೂ ಆಗುತ್ತದೆ, ಅಳಿಸಲು ಕೈಯೂ ಬರುವುದಿಲ್ಲ.

7. ಎಐಗೆ ಮೊದಲು ಜಮಖಾನ

ಸಕ್ಕರೆ ಕಾಯಿಲೆಯವರ ಕಣ್ಣಿನ ಹಿಂಪರದೆಯ ಫೋಟೋ ನೋಡಿ ತೊಂದರೆ ಪತ್ತೆ ಹಚ್ಚುವ ಕೃತಕ ಬುದ್ಧಿಮತ್ತೆಯ ಬಗ್ಗೆ ಗೂಗಲ್‌ನವರು 2016ರಲ್ಲಿ ಪ್ರಬಂಧ ಬರೆದರು. ನಮ್ಮ ನಾರಾಯಣ ನೇತ್ರಾಲಯದ್ದೂ ಸೇರಿ ಮೂರು ಭಾರತೀಯ ಕಣ್ಣಾಸ್ಪತ್ರೆಗಳ ಚಿತ್ರಗಳು ಅದರಲ್ಲಿದ್ದವು. ಓದಿ ರೋಮಾಂಚನಗೊಂಡು, ಅಂಥದ್ದೇ ಒಂದು ಸಾಫ್ಟ್‌ವೇರ್ ಹೊತ್ತು ಇಟ್ಟಮಡುವಿನ ಕಲ್ಯಾಣಮಂಟಪದಲ್ಲಿ ಕಣ್ಣಿನ ಶಿಬಿರಕ್ಕೆ ಹೋದೆ. ಇಂಟರ್ನೆಟ್, ಯುಪಿಎಸ್, ಎರಡು ಲ್ಯಾಪ್‌ಟಾಪ್ ಎಲ್ಲ ಒಯ್ದಿದ್ದೆ. ಕತ್ತಲೆ ಒಯ್ದಿರಲಿಲ್ಲ.

ಮಂಟಪದ ತುಂಬ ಬೆಳಕು, ಸಾಲದ್ದಕ್ಕೆ ಹಿಂದಿನ ದಿನದ ಮದುವೆಯ ಸೀರಿಯಲ್ ಸೆಟ್. ಅಷ್ಟು ಬೆಳಕಿನಲ್ಲಿ ವಯಸ್ಸಾದವರ ಕಣ್ಣಿನ ಪಾಪೆ ಕಿರಿದಾಗುತ್ತದೆ, ಫೋಟೋ ಮಸುಕಾಗುತ್ತದೆ. ಯಂತ್ರ ಒಂದಾದ ಮೇಲೊಂದು ಚಿತ್ರವನ್ನು 'ಗುಣಮಟ್ಟ ಸಾಲದು' ಅಂತ ತಿರಸ್ಕರಿಸಿತು. ಬೆಳಿಗ್ಗೆ ಏಳರಿಂದ ಸಾಲಿನಲ್ಲಿ ನಿಂತಿದ್ದ ಹಿರಿಯರೊಬ್ಬರು 'ನನ್ನ ಕಣ್ಣು ಅಷ್ಟು ಕೆಟ್ಟೋಗಿದೆಯಾ?' ಅಂತ ಗಾಬರಿಯಾದರು. ಕೊನೆಗೆ ಅಡುಗೆಯವರು ಊಟದ ಹಾಲಿನಿಂದ ಎರಡು ಜಮಖಾನ ತಂದು ಕಿಟಕಿಗೆ ಕಟ್ಟಿದರು. ಆಮೇಲೆ ಎಐ ಕೆಲಸ ಮಾಡಿತು. ಥಾಯ್ಲೆಂಡಿನ ಕ್ಲಿನಿಕ್ಕುಗಳಲ್ಲಿ ಗೂಗಲ್ಲಿಗೂ ಇದೇ ಪಾಡಾಗಿ, ಐದರಲ್ಲಿ ಒಂದರಷ್ಟು ಚಿತ್ರಗಳನ್ನು ಯಂತ್ರ ಒಪ್ಪಲಿಲ್ಲ ಅಂತ 2020ರಲ್ಲಿ ಅವರೇ ಬರೆದುಕೊಂಡರು. ನನ್ನ ಶಿಬಿರದ ಚೀಲದಲ್ಲಿ ಈಗ ಮೊದಲು ಹೋಗುವುದು ಎರಡು ಕಪ್ಪು ಬಟ್ಟೆ, ಒಂದು ಡಜನ್ ಬಟ್ಟೆ ಕ್ಲಿಪ್ಪು.

8. 'ಇದ್ದಾರಾ?' ಅಂತ ಕೇಳಬೇಡಿ

ಚಿಕಿತ್ಸೆ ಫಲಿಸಿತೇ ಅಂತ ತಿಳಿಯಲು ರೋಗಿ ಐದು ವರ್ಷದ ಮೇಲೆ ಹೇಗಿದ್ದಾರೆ ಅಂತ ಗೊತ್ತಾಗಬೇಕು. ಬಾರದೇ ಹೋದವರಿಗೆ ಫೋನ್ ಮಾಡಬೇಕು. ಹುಡುಗರಿಗೆ ತೋರಿಸಿಕೊಡುವ ಹುಮ್ಮಸ್ಸಿನಲ್ಲಿ ಮೊದಲ ಕರೆ ನಾನೇ ಮಾಡಿದೆ. ಗಂಡು ದನಿ. ಯಾರನ್ನಾದರೂ ಕೇಳುವ ಹಾಗೆ ಕೇಳಿದೆ, 'ಅಮ್ಮ ಇದ್ದಾರಾ?'

ಆ ಕಡೆ ಏನೂ ಇಲ್ಲ. ಕುಕ್ಕರ್ ಎರಡು ಸಲ ಕೂಗಿದ್ದು ಕೇಳಿಸಿತು. 'ಇಲ್ಲ' ಅಂದರು. 'ಯಾವಾಗ ಬರ್ತಾರೆ?' ಅಂತ ಕೇಳಿದೆ.

ಆಮೇಲಿನದನ್ನು ಬರೆಯಲಾರೆ. ಈಗ ನಮ್ಮಲ್ಲಿ ಕರೆ ಮಾಡುವವರು ಮೊದಲು ತಮ್ಮ ಹೆಸರು ಹೇಳಿ, ಎಲ್ಲಿಂದ ಅಂತ ಹೇಳಿ, 'ಮನೇಲಿ ಎಲ್ಲ ಹೇಗಿದ್ದೀರಿ?' ಅಂತ ಕೇಳಿ ಸುಮ್ಮನಾಗುತ್ತಾರೆ. ಮಿಕ್ಕಿದ್ದನ್ನು ಅವರೇ ಹೇಳುತ್ತಾರೆ. ದಿನಕ್ಕೆ ಹತ್ತಕ್ಕಿಂತ ಹೆಚ್ಚು ಕರೆ ಮಾಡಿಸುವುದಿಲ್ಲ.

9. ಹೆಸರು ಅಳಿಸಿದರೆ ಆಳು ಅಳಿಸಿಹೋಗುವುದಿಲ್ಲ

ಒಂದು ಸಭೆಯಲ್ಲಿ ಸ್ಲೈಡ್ ತೋರಿಸುತ್ತಿದ್ದೆ. ಹೆಸರಿಲ್ಲ, ಫೋನ್ ನಂಬರಿಲ್ಲ, ಆಸ್ಪತ್ರೆಯ ನಂಬರಿಲ್ಲ. ಗೌಪ್ಯತೆಯ ಬಗ್ಗೆ ಎರಡು ನಿಮಿಷ ಕೊಚ್ಚಿಕೊಂಡೂ ಇದ್ದೆ. ಒಂದು ಸಾಲಿನಲ್ಲಿ ಉಳಿದದ್ದು ಇಷ್ಟು: ಹೆಣ್ಣು, ವಯಸ್ಸು, ಪಿನ್ ಕೋಡ್ 560085, ವೃತ್ತಿ ಸಂಗೀತ ಶಿಕ್ಷಕಿ, ಮತ್ತೆ ಅಪರೂಪದ ಒಂದು ಕಾಯಿಲೆ. ಸಭೆ ಮುಗಿದ ಮೇಲೆ ಕಾಫಿ ಲೋಟ ಹಿಡಿದು ಒಬ್ಬರು ಹತ್ತಿರ ಬಂದು ಮೆಲ್ಲಗೆ 'ನಿಮ್ಮ ಕತ್ರಿಗುಪ್ಪೆಯವರೇ ಅಲ್ವಾ? ನನ್ನ ಮಗಳಿಗೆ ಅವರೇ ಪಾಠ ಹೇಳಿದ್ದು. ಗೊತ್ತೇ ಇರಲಿಲ್ಲ, ಪಾಪ' ಅಂದರು.

ಪಿನ್ ಕೋಡ್, ಹುಟ್ಟಿದ ದಿನ, ಹೆಣ್ಣೋ ಗಂಡೋ, ಇಷ್ಟರಿಂದಲೇ ಬಹುಪಾಲು ಅಮೆರಿಕನ್ನರನ್ನು ಗುರುತಿಸಬಹುದು ಅಂತ ಸಂಶೋಧಕಿ ಲತಾನ್ಯಾ ಸ್ವೀನಿ 2000ದಲ್ಲೇ ತೋರಿಸಿದ್ದರು. ಆಕೆಯ ಪ್ರಬಂಧವನ್ನು ನಾನು ಓದಿದ್ದೆ, ಬೇರೆಯವರಿಗೆ ಪಾಠವನ್ನೂ ಮಾಡಿದ್ದೆ. ಈಗ 2023ರ ವೈಯಕ್ತಿಕ ದತ್ತಾಂಶ ಕಾಯ್ದೆ ಇದೆ, ನೈತಿಕ ಸಮಿತಿಗಳಿವೆ, ವೃತ್ತಿಯ ಕಾಲಂ ನನ್ನ ಫಾರಮ್ಮಿನಲ್ಲಿ 'ಶಿಕ್ಷಣ' ಅಂತ ಆಗಿದೆ, ಪಿನ್ ಕೋಡಿನ ಕೊನೆಯ ಮೂರು ಅಂಕಿ ಹೊರಗೆ ಹೋಗುವುದಿಲ್ಲ.

ಆ ಸಂಗೀತ ಶಿಕ್ಷಕಿಯ ಮನೆ ನಮ್ಮ ಮನೆಯಿಂದ ಎರಡು ಅಡ್ಡರಸ್ತೆ ಆಚೆ. ಬೆಳಿಗ್ಗೆ ಸೊಪ್ಪಿನ ಗಾಡಿಯ ಹತ್ತಿರ ಸಿಗುತ್ತಾರೆ. ದಂಟಿನ ಸೊಪ್ಪಿನ ಕಟ್ಟನ್ನು ಕೊಡವಿ ನೋಡುತ್ತಾ, 'ಏನು ಸಾರ್, ಆಫೀಸು ಲೇಟಾ?' ಅಂತ ಕೇಳುತ್ತಾರೆ. ಆ ಸಭೆಯ ಮಾತು ಅವರ ಕಿವಿಗೆ ಬಿದ್ದಿದೆಯೋ ಇಲ್ಲವೋ ಗೊತ್ತಿಲ್ಲ, ಕೇಳುವ ಹಾಗೂ ಇಲ್ಲ. ಲೇಟು ಅಂತ ಹೇಳಿ ಕೊತ್ತಂಬರಿ ತಗೊಂಡು ಬರುತ್ತೇನೆ.